ರೈಲಿನ ಊಟದ ಬಿಲ್ಲು ಮತ್ತು ನಮ್ಮ ಬುತ್ತಿ ಗಂಟು

ಇವತ್ತಿನ ಸಂಚಿಕೆ ಊಟದ ಬಗ್ಗೆ, ಅದೂ ಓಡೋ ರೈಲಿನೊಳಗಿನ ಊಟದ ಬಗ್ಗೆ. ಸ್ಲೀಪರ್ ಬೋಗಿಯ ಅಪ್ಪರ್ ಬರ್ತ್ ಮೇಲೆ ಮಲಗಿ, ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ರೆ ಇನ್ನೂ ಚಲೋ. ಕೆಳಗೆ 'ಖಾನಾ, ಖಾನಾ' ಅಂತ ಕೂಗ್ತಾ ಒಬ್ಬ ಬಂದೇ ಬರ್ತಾನೆ. ಅವನು ಹೇಳೋ ರೇಟನ್ನ ಸ್ವಲ್ಪ ಕಿವಿಗೊಟ್ಟು ಕೇಳ್ರಿ.

ಮೊದಲು ಒಂದು ಪಟ್ಟಿ ಓದ್ತೀನಿ. ಅನ್ನ 150 ಗ್ರಾಂ. ಗಟ್ಟಿ ಬೇಳೆ ಅಥವಾ ಸಾಂಬಾರ್ 150 ಗ್ರಾಂ. ಪಲ್ಯ 100 ಗ್ರಾಂ. ಮೊಸರು 80 ಗ್ರಾಂ. ಎರಡು ಪರಾಠಾ ಇಲ್ಲಾ ನಾಲ್ಕು ರೋಟಿ, ಒಟ್ಟು 100 ಗ್ರಾಂ. ಉಪ್ಪಿನಕಾಯಿ 12 ಗ್ರಾಂ. ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳಿಗೆ ರೈಲ್ವೆಯವರೇ ಗೊತ್ತು ಮಾಡಿರೋ ಸಾದಾ ಶಾಕಾಹಾರಿ ಊಟ ಇದು. ಸ್ಟೇಷನ್ನಿನಲ್ಲಿ ತಗೊಂಡ್ರೆ 70 ರೂಪಾಯಿ, ರೈಲಿನೊಳಗೆ 80. ಅಂದ್ರೆ ಅದೇ ಅನ್ನ, ಅದೇ ಸಾಂಬಾರ್ ಚಕ್ರದ ಮೇಲೆ ಹತ್ತಿದ ಕೂಡಲೇ 10 ರೂಪಾಯಿ ತುಟ್ಟಿ. ಅದು ಕಾನೂನುಬದ್ಧ, ತಕರಾರಿಲ್ಲ. ಆದ್ರೆ ನಿಮ್ಮಲ್ಲಿ ಎಷ್ಟು ಜನ ಸ್ಲೀಪರ್‌ನಲ್ಲಿ ಈ ಊಟವನ್ನ 80 ರೂಪಾಯಿಗೇ ತಿಂದಿದ್ದೀರಿ? ನನಗೆ ಸಿಕ್ಕವರಲ್ಲಿ ಹೆಚ್ಚಿನವರು 100, 120, 130 ಅಂತಾನೇ ಹೇಳ್ತಾರೆ. ಈ ಮೇಲಿನ 40 ರೂಪಾಯಿ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ. ಬಿಕಾಂ ಓದಿದವನಿಗೆ ಇತಿಹಾಸ ಯಾಕಪ್ಪಾ ಅಂತ ಕೇಳೋರಿಗೆ ಉತ್ತರ ಇಷ್ಟೇ: ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚು ನೂರು ವರ್ಷ ಹಾಗೇ ಉಳಕೊಂಡ್ರೆ ಅದೂ ಇತಿಹಾಸಾನೇ.

ನಾನು ಮಾತಾಡ್ತಿರೋದು ರೋಣ, ನರಗುಂದ, ಗಜೇಂದ್ರಗಡದ ಸೀಮೆಯಿಂದ. ರೋಣ ತಾಲ್ಲೂಕಿನೊಳಗೆ ಹೊಳೆಆಲೂರು ಸ್ಟೇಷನ್ ಇದೆ, ಗದಗದಿಂದ ಬಾಗಲಕೋಟೆ ಕಡೆ ಹೋಗೋ ಹಳಿ ಮೇಲೆ. ನರಗುಂದಕ್ಕೂ ಗಜೇಂದ್ರಗಡಕ್ಕೂ ಇವತ್ತಿಗೂ ರೈಲಿಲ್ಲ. ಪಕ್ಕದ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಬಂತು, ಗಜೇಂದ್ರಗಡದವರು ಇನ್ನೂ ಕೇಳ್ತಾನೇ ಇದ್ದಾರೆ. ನಮ್ಮವರಿಗೆ ದೂರದ ಪ್ರಯಾಣ ಅಂದ್ರೆ ಮೊದಲು ಬಸ್ಸು, ಆಮೇಲೆ ಗದಗ ಇಲ್ಲಾ ಹುಬ್ಬಳ್ಳಿ, ಅಲ್ಲಿಂದ ರೈಲು. ಹೋಗೋದು ಹೆಚ್ಚಾಗಿ ದುಡಿಯೋಕೆ: ಗೋವಾ, ಮಂಗಳೂರು, ಪುಣೆ, ಬೆಂಗಳೂರು. ಹಂಗಾಗಿ ರೈಲಿನ ಊಟದ ರೇಟು ಇಲ್ಲಿ ಪ್ರವಾಸದ ಖರ್ಚಲ್ಲ, ಕೂಲಿಯಿಂದ ಕಳೆಯೋ ಖರ್ಚು.

ವಿಚಿತ್ರ ಏನಂದ್ರೆ ನಮ್ಮ ಕಡೆ ರೈಲು ಹುಟ್ಟಿದ್ದೇ ಹಸಿವಿನಿಂದ. 1876ರಿಂದ 78ರ ಮಹಾ ಬರದಲ್ಲಿ ಆಗಿನ ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳು ನೆಲ ಕಚ್ಚಿದವು. ಬೇರೆ ಕಡೆ ಧಾನ್ಯ ಇತ್ತು, ಇಲ್ಲಿಗೆ ತರೋ ದಾರಿ ಇರಲಿಲ್ಲ. ಚಕ್ಕಡಿ ಹೂಡೋಣ ಅಂದ್ರೆ ಎತ್ತಿಗೇ ಮೇವಿಲ್ಲ. ಬರ ಮುಗಿದ ಮೇಲೆ 1880ರ ಕ್ಷಾಮ ಆಯೋಗ, ಇಂಥ ಸೀಮೆಗಳಿಗೆ ರೈಲು ಬೇಕೇ ಬೇಕು ಅಂತ ಶಿಫಾರಸು ಮಾಡ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯ್ತು. ಅದೇ ದಶಕದಲ್ಲಿ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ, ಹೊಳೆಆಲೂರು ದಾಟಿ ಗದಗದವರೆಗೆ ಮೀಟರ್ ಗೇಜ್ ಹಳಿ ಬಿತ್ತು. ಕಾಗದದ ಮೇಲೆ ಕಾರಣ ಅನ್ನ. ಜೊತೆಗೆ ಗದಗದ ಹತ್ತಿ ಸಾಗಿಸೋ ಲಾಭವೂ ಇತ್ತು ಅನ್ನೋದನ್ನ ಮರೆಯೋದು ಬೇಡ, ಕಂಪನಿ ಅಂದ್ರೆ ಕಂಪನಿ.

ಹಸಿದವರಿಗಾಗಿ ಹಾಕಿದ ಹಳಿ ಮೇಲೆ ಯಾರಿಗೆ ಊಟ ಸಿಕ್ತು? ಶುರುವಿನಲ್ಲಿ ರೈಲಿನೊಳಗೆ ಅಡುಗೆ ಅನ್ನೋದೇ ಇರಲಿಲ್ಲ. ಮೇಲ್ ರೈಲು ಊಟದ ಹೊತ್ತಿಗೆ ದೊಡ್ಡ ಸ್ಟೇಷನ್ನಿನಲ್ಲಿ ನಿಲ್ತಿತ್ತು. ಅಲ್ಲಿ ರಿಫ್ರೆಶ್‌ಮೆಂಟ್ ರೂಮು, ಬಿಳಿ ಬಟ್ಟೆ ಹಾಸಿದ ಮೇಜು. ಮೇಲ್ದರ್ಜೆಯ ಸಾಹೇಬರು ಗಾರ್ಡ್‌ಗೆ ಹೇಳಿದ್ರೆ ಮುಂದಿನ ಸ್ಟೇಷನ್ನಿಗೆ ತಂತಿ ಹೋಗಿ, ಊಟ ತಯಾರಾಗಿ ಕೂತಿರ್ತಿತ್ತು. ಅದನ್ನ ನಡೆಸ್ತಿದ್ದವರು ರೈಲ್ವೆಯವರಲ್ಲ, ಗುತ್ತಿಗೆ ಹಿಡಿದ ಕಂಪನಿಗಳು: ಉತ್ತರದಲ್ಲಿ ಕೆಲ್ನರ್, ಮದ್ರಾಸಿನ ಕಡೆ ಸ್ಪೆನ್ಸರ್. ಈ ವಿಷಯ ನೆನಪಿಟ್ಕೊಳ್ರಿ, ಮುಂದೆ ಬೇಕಾಗುತ್ತೆ. ಹಳಿ ಒಬ್ಬರದು, ಅಡುಗೆಮನೆ ಇನ್ನೊಬ್ಬರದು.

ಆಮೇಲೆ ಡೈನಿಂಗ್ ಕಾರ್ ಬಂತು. ಈಗಿನ ಹಾಗೆ ಒಂದು ಬೋಗಿಯಿಂದ ಇನ್ನೊಂದಕ್ಕೆ ಒಳಗಿನಿಂದಲೇ ನಡೆದು ಹೋಗೋ ವ್ಯವಸ್ಥೆ ಆಗ ಎಷ್ಟೋ ರೈಲುಗಳಲ್ಲಿ ಇರಲಿಲ್ಲ. ಒಂದು ಸ್ಟೇಷನ್ನಿನಲ್ಲಿ ಇಳಿದು ಡೈನಿಂಗ್ ಕಾರ್ ಹತ್ತಬೇಕು, ಉಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ತನ್ನ ಡಬ್ಬಿಗೆ ವಾಪಸ್ ಬರಬೇಕು. ಕೇಳೋಕೆ ಮಜಾ ಅನಿಸುತ್ತೆ. ಆದ್ರೆ ಆ ಮೇಜು ಮೇಲ್ದರ್ಜೆಯವರದು. ಪ್ರಯಾಣಿಕರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಕೂತಿದ್ದು ಮೂರನೇ ದರ್ಜೆಯಲ್ಲಿ, ಅವರಿಗೆ ಆ ಬೋಗಿಯ ಮೆಟ್ಟಿಲೂ ಇಲ್ಲ.

ಮೂರನೇ ದರ್ಜೆಯವರಿಗೆ ಏನು ಸಿಗ್ತಿತ್ತು ಅನ್ನೋದಕ್ಕೆ ಒಬ್ಬ ಒಳ್ಳೆ ಸಾಕ್ಷಿ ಇದ್ದಾರೆ. 1917ರ ಸೆಪ್ಟೆಂಬರ್ 12ಕ್ಕೆ ಮೋಹನದಾಸ ಗಾಂಧಿ ಅನ್ನೋ ಪ್ರಯಾಣಿಕರು ಬಾಂಬೆಯಿಂದ ಮದ್ರಾಸಿಗೆ ಮೂರನೇ ದರ್ಜೆ ಟಿಕೆಟ್ ತಗೊಂಡ್ರು. 13 ರೂಪಾಯಿ 9 ಆಣೆ. 22 ಜನರ ಡಬ್ಬಿ, ಎರಡು ರಾತ್ರಿ, ನೆಟ್ಟಗೆ ಮಲಗೋಕೆ ಜಾಗ ಇಲ್ಲ. ನಮ್ಮ ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯೋಕೇ ಆಗಲಿಲ್ಲವಂತೆ. ದಾರಿಯಲ್ಲಿ ಸಿಕ್ಕ ಚಹಾದ ಬಗ್ಗೆ ಅವರು ಬರೆದಿದ್ದು ಓದಿದ್ರೆ ಇವತ್ತಿನ ಯಾವ ರಿವ್ಯೂನೂ ಅದರ ಮುಂದೆ ನಿಲ್ಲಲ್ಲ: ಸಕ್ಕರೆ ಕೊಳಕು, ಹಾಲು ಬರೀ ಹೆಸರಿಗೆ, ಬಣ್ಣ ಕೆಸರಿಂದು. ಆ ಬರಹದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬೈಗುಳವಲ್ಲ, ಲೆಕ್ಕ. ಮೊದಲನೇ ದರ್ಜೆಯ ದರ ಮೂರನೇ ದರ್ಜೆಯ ಐದು ಪಟ್ಟು, ಹಾಗಿದ್ರೆ ಸೌಕರ್ಯದಲ್ಲೂ ಅದೇ ಪ್ರಮಾಣ ಇದೆಯಾ ಅಂತ ಅವರು ಕೇಳ್ತಾರೆ. ಕಾಸ್ಟ್ ಅಕೌಂಟೆಂಟ್ ಕೇಳೋ ಪ್ರಶ್ನೆ ಅದು.

ದುಡ್ಡಿನ ಜೊತೆ ಜಾತಿಯ ಗೋಡೆಯೂ ಇತ್ತು. ಹಿಂದೂ ನೀರು ಬೇರೆ, ಮುಸಲ್ಮಾನ್ ನೀರು ಬೇರೆ. ದಕ್ಷಿಣದ ಸ್ಟೇಷನ್ನುಗಳ ಹೋಟೆಲಿನಲ್ಲಿ ಬ್ರಾಹ್ಮಣರಿಗೇ ಬೇರೆ ಪಂಕ್ತಿ. ಪೆರಿಯಾರ್ ಮತ್ತು ಅವರ ಸಂಗಡಿಗರು ಹಟ ಹಿಡಿದು ಹೋರಾಡಿದ ಮೇಲೆ 1941ರಲ್ಲಿ ಆ ಪಂಕ್ತಿಭೇದ ಹೋಯ್ತು. 1908ರಲ್ಲಿ ನಮ್ಮ ಸದರ್ನ್ ಮರಾಠಾ ಕಂಪನಿಯೂ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂಎಸ್‌ಎಂ ಆಗಿತ್ತು, ಅದರ ಕೇಂದ್ರ ಕಚೇರಿ ಇದ್ದದ್ದು ಮದ್ರಾಸಿನಲ್ಲೇ.

ಈಗ ಬುತ್ತಿಗೆ ಬರೋಣ. ಇನ್‌ಸ್ಟಾದಲ್ಲಿ ನೋಡಿರ್ತೀರಿ, 'ಅವ್ವನ ಕೈ ಬುತ್ತಿ' ಅಂತ ಹಿಂದೆ ಕೊಳಲು ಹಾಕಿ ರೀಲ್ಸ್ ಮಾಡ್ತಾರೆ. ನನಗೆ ಅದು ಸ್ವಲ್ಪ ಕಿರಿಕಿರಿ. ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಬುತ್ತಿ ಮೊದಲಿಗೆ ಒಂದು ಬಜೆಟ್. ಖಟಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪುಡಿ ರೂಪದಲ್ಲಿ ಇರೋದ್ರಿಂದ ಸೋರಲ್ಲ, ಹಳಸಲ್ಲ. ಮೊದಲ ಹೊತ್ತಿಗೆ ಮೊಸರನ್ನ, ಆಮೇಲೆ ರೊಟ್ಟಿ ಅನ್ನೋ ಕ್ರಮಾನೂ ಯೋಚನೆ ಮಾಡಿದ್ದೇ: ಬೇಗ ಕೆಡೋದು ಮೊದಲು. ಅಂಗಡಿ ಭಾಷೆಯಲ್ಲಿ ಇದು ಸ್ಟಾಕ್ ಮ್ಯಾನೇಜ್‌ಮೆಂಟ್. ಮೇಜು ತನ್ನದಲ್ಲ, ಪಂಕ್ತಿ ತನ್ನದಲ್ಲ, ಪ್ಲಾಟ್‌ಫಾರ್ಮ್ ಚಹಾ ಕುಡಿಯೋ ಹಾಗಿಲ್ಲ ಅನ್ನೋ ಲೋಕದಲ್ಲಿ ರೋಣದ ರೈತ ಇನ್ನೇನು ಮಾಡ್ತಿದ್ದ? ಗಂಟು ಕಟ್ಟಿದ.

ಸ್ವಾತಂತ್ರ್ಯದ ಮೇಲೆ ಬದಲಾವಣೆ ಬಂತು, ನಿಧಾನಕ್ಕೆ. 1950ರ ದಶಕದಲ್ಲಿ ಒ. ವಿ. ಅಳಗೇಶನ್ ಸಮಿತಿ, ಗುತ್ತಿಗೆದಾರರನ್ನೇ ನಂಬಿ ಕೂರೋದು ಬೇಡ, ರೈಲ್ವೆ ತಾನೇ ಅಡುಗೆಗೆ ಇಳೀಬೇಕು ಅಂದಿತು. ಮೂರನೇ ದರ್ಜೆಯಲ್ಲೂ ಮಲಗೋ ಬೋಗಿ ಬಂತು. ಆದ್ರೆ ಮಲಗೋದಕ್ಕೆ ಬೇರೆ ದುಡ್ಡು, ಸ್ಲೀಪರ್ ಸರ್ಚಾರ್ಜ್. 1974ರಲ್ಲಿ ಮೂರನೇ ದರ್ಜೆ ಅನ್ನೋ ಹೆಸರೇ ಹೋಗಿ ಎರಡನೇ ದರ್ಜೆ ಆಯ್ತು, ಹಲಗೆ ಮಾತ್ರ ಹಲಗೆಯಾಗೇ ಉಳೀತು. 1977ರ ನಂತರ ಸಚಿವ ಮಧು ದಂಡವತೆ ಅದರ ಮೇಲೆ ಫೋಮ್ ಹಾಕಿಸಿದ್ರು. ಇವತ್ತು ನೀವು ಸ್ಲೀಪರ್‌ನಲ್ಲಿ ಬೆನ್ನು ನೋಯದೆ ಮಲಗ್ತಿದ್ರೆ ಅದಕ್ಕೆ ಕಾರಣ ಅವರು.

ನಮ್ಮ ಸೀಮೆಗೆ ಇದೆಲ್ಲ ಇನ್ನೂ ತಡವಾಗಿ ಮುಟ್ಟಿತು, ಕಾರಣ ಗೇಜು. ದೂರದ ರೈಲುಗಳು, ಅದರ ಜೊತೆ ಅಡುಗೆ ಬೋಗಿಗಳು ಹೆಚ್ಚಾಗಿ ಓಡ್ತಿದ್ದದ್ದು ಬ್ರಾಡ್ ಗೇಜ್ ಮೇಲೆ. ನಮ್ಮದು ಮೀಟರ್ ಗೇಜು. ಹೊಳೆಆಲೂರಲ್ಲಿ ಹತ್ತಿದವರು ಬಾಂಬೆ ಕಡೆ ಹೋಗ್ಬೇಕಂದ್ರೆ ಸೊಲ್ಲಾಪುರದ ಹತ್ತಿರ ಗಂಟುಮೂಟೆ ಸಮೇತ ಇಳಿದು ದೊಡ್ಡ ರೈಲು ಹತ್ತಬೇಕಿತ್ತು. 1992ರಲ್ಲಿ ನಮ್ಮ ರಾಜ್ಯದವರೇ ಆದ ಜಾಫರ್ ಶರೀಫ್ ಯೂನಿಗೇಜ್ ಯೋಜನೆ ಶುರು ಮಾಡಿದ್ರು. ಗದಗ-ಹೊಟಗಿ ಹಳಿಗೆ ಆ ಭಾಗ್ಯ ಬಂದಿದ್ದು 2000ದ ನಂತರ. ಅಲ್ಲಿವರೆಗೂ ನಮ್ಮ ಊಟ ಪ್ಲಾಟ್‌ಫಾರ್ಮಿನ ಮಿರ್ಚಿ ಮತ್ತು ಬುತ್ತಿ.

ಅಷ್ಟರಲ್ಲಿ ಡೈನಿಂಗ್ ಕಾರ್ ಅನ್ನೋದೇ ಹೆಚ್ಚುಕಡಿಮೆ ಮಾಯ ಆಗಿತ್ತು. 1930ರಲ್ಲಿ ಶುರುವಾದ ಮುಂಬೈ-ಪುಣೆ ಡೆಕ್ಕನ್ ಕ್ವೀನ್‌ನಲ್ಲಿ ಮಾತ್ರ ಮೇಜು ಕುರ್ಚಿ ಉಳೀತು. ಉಳಿದ ಕಡೆ ಪ್ಯಾಂಟ್ರಿ ಬೋಗಿ: ಅಡುಗೆ ಅಲ್ಲಿ, ಊಟ ನಿಮ್ಮ ಸೀಟಿಗೆ. ಇದೊಂದು ಸಣ್ಣ ಬದಲಾವಣೆ ಅನಿಸುತ್ತೆ, ಅಲ್ವಾ? ಆದ್ರೆ ಡೈನಿಂಗ್ ಕಾರಿನಲ್ಲಿ ರೇಟಿನ ಕಾರ್ಡು ಮೇಜಿನ ಮೇಲೆ ಕಣ್ಣೆದುರಿಗೇ ಇರ್ತಿತ್ತು. ಪ್ಯಾಂಟ್ರಿಯಲ್ಲಿ ರೇಟು ಇರೋದು ಊಟ ತಂದವನ ಬಾಯಲ್ಲಿ.

1999ರಲ್ಲಿ ಐಆರ್‌ಸಿಟಿಸಿ ಹುಟ್ಟಿತು. 2005ರ ನೀತಿ ಊಟದ ವ್ಯವಹಾರವನ್ನ ಅದಕ್ಕೆ ಕೊಟ್ಟಿತು. 2010ರ ನೀತಿ ವಾಪಸ್ ರೈಲ್ವೆಗೆ ತಂತು. 2017ರ ನೀತಿ ಮತ್ತೆ ಐಆರ್‌ಸಿಟಿಸಿಗೆ. ಬ್ಯಾಡ್ಮಿಂಟನ್ ಶಟಲ್ ಥರ. ಈ ಎಲ್ಲ ಆಟದಲ್ಲೂ ಒಂದು ಹಾಗೇ ಉಳೀತು: ಸೀಟಿನವರೆಗೆ ಊಟ ತರೋದು ಬಹಳ ಕಡೆ ಗುತ್ತಿಗೆದಾರನ ಹುಡುಗ. ಕೆಲ್ನರ್ ಕಾಲದ ಆ ಹಳಿ-ಅಡುಗೆಮನೆ ಪಾಲು ಹೇಳಿದ್ದೆನಲ್ಲ, ಅದೇ. 2017ರ ಜುಲೈಯಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಸಿಎಜಿ ವರದಿಗಾಗಿ 74 ಸ್ಟೇಷನ್, 80 ರೈಲುಗಳನ್ನ ತಪಾಸಣೆ ಮಾಡಿದ್ರು. ಬಿಲ್ ಕೊಡಲ್ಲ, ರೇಟ್ ಪಟ್ಟಿ ತೋರಿಸಲ್ಲ, ತೂಕ ಕಡಿಮೆ ಅನ್ನೋದೆಲ್ಲ ಅದರಲ್ಲಿ ಸರ್ಕಾರಿ ಅಕ್ಷರದಲ್ಲೇ ಬಂತು. ಕೆಲವು ಪದಾರ್ಥ ಮನುಷ್ಯರು ತಿನ್ನೋಕೇ ಯೋಗ್ಯ ಅಲ್ಲ ಅಂತಲೂ ಇತ್ತು. 2019ರಲ್ಲಿ ಆಗಿನ ಸಚಿವ ಪಿಯೂಷ್ ಗೋಯಲ್ 'ಬಿಲ್ ಇಲ್ಲಾಂದ್ರೆ ದುಡ್ಡು ಕೊಡಬೇಡಿ' ಅನ್ನೋ ನಿಯಮವನ್ನ ಸಾರಿದ್ರು.

ಆ ನಿಯಮ ಬೋಗಿಯೊಳಗೆ ಹೇಗೆ ಕೆಲಸ ಮಾಡುತ್ತೆ ಅಂತ ನಾನು ಒಮ್ಮೆ ಕಣ್ಣಾರೆ ನೋಡಿದೀನಿ. ಹುಬ್ಬಳ್ಳಿಯಿಂದ ಹೊರಟ ಒಂದು ದೂರದ ರೈಲು, ಸ್ಲೀಪರ್. ಎದುರಿನ ಸೀಟಿನಲ್ಲಿ ಗಜೇಂದ್ರಗಡದ ಕಡೆಯ ಕುಟುಂಬ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ರು. ರೈಲು ತಡ ಆಗಿತ್ತು, ಬುತ್ತಿ ಆಗಲೇ ಮುಗಿದಿತ್ತು, ಮಕ್ಕಳು ಅಳೋಕೆ ಶುರು ಮಾಡಿದ್ವು. ಮೂರು ಊಟಕ್ಕೆ 360 ಕೇಳಿದ. ಆ ಕಾಕಾ ಸೊಂಟದ ಚೀಲ ಬಿಚ್ಚಿ ಎಣಿಸ್ತಿದ್ರು. ನಾನು ಬಿಲ್ ಕೊಡಪ್ಪಾ ಅಂದೆ. ಮಷೀನಿಗೆ ಚಾರ್ಜ್ ಇಲ್ಲ ಅಂದ. ಹಾಗಾದ್ರೆ 240 ತಗೋ, ಬಿಲ್ ಆಮೇಲೆ ತಂದುಕೊಡು ಅಂದೆ. ಮುಖ ಗಂಟಿಕ್ಕಿಕೊಂಡು 240 ತಗೊಂಡ, ಬಿಲ್ ತರಲಿಲ್ಲ. ಆ ಕಾಕಾ ನನ್ನ ಕಡೆ ತಿರುಗಿ, 'ತಮ್ಮಾ, ನೀ ಇದ್ದಿ ಅಂತ ಆತು. ನಾವ್ ಕೇಳಿದ್ರ ಊಟಾನ ಕೊಡಾಂಗಿಲ್ಲ ಅಂತಾನ' ಅಂದ್ರು. ರಾತ್ರಿ ಬಾಗಿಲ ಹತ್ತಿರ ಅದೇ ಹುಡುಗ ಸಿಕ್ಕ. ಇಪ್ಪತ್ತು ಇಪ್ಪತ್ತೆರಡು ವಯಸ್ಸು. ಸಂಬಳ ಅಂತ ಇಲ್ಲ ಭಯ್ಯಾ, ಮಾರಿದ್ದರ ಮೇಲೆ ಕಮಿಷನ್, ಉಳಿದ ಊಟ ನನ್ನ ತಲೆ ಮೇಲೆ ಅಂತ ಹಿಂದಿಯಲ್ಲಿ ಹೇಳಿದ. ಅವನ ಮೇಲೆ ಸಿಟ್ಟು ಪೂರ್ತಿ ಉಳಿಯಲಿಲ್ಲ.

ಲೆಕ್ಕ ನೋಡ್ರಿ. ಮೇಲೆ ಗುತ್ತಿಗೆದಾರ ದೊಡ್ಡ ಲೈಸೆನ್ಸ್ ಫೀ ಕಟ್ಟಿ ಬಂದಿರ್ತಾನೆ. ಊಟದ ರೇಟು 80ಕ್ಕೆ ಕಟ್ಟಿಹಾಕಿದೆ. ರಾತ್ರಿ ಎಂಟಕ್ಕೆ, ಮುಂದಿನ ಸ್ಟೇಷನ್ ಒಂದೂವರೆ ತಾಸು ದೂರ ಇರೋವಾಗ, ನಿಮಗೆ ಇನ್ನೊಂದು ಅಂಗಡಿ ಇಲ್ಲ. ಅವನ ನಷ್ಟ ತುಂಬೋ ಜಾಗ ಎರಡೇ: ತಟ್ಟೆಯ ತೂಕ ಇಲ್ಲಾ ನಿಮ್ಮ ಜೇಬು. ಎಸಿ ಬೋಗಿಯವರು ಫೋನಿನಲ್ಲಿ ದೂರು ಹಾಕ್ತಾರೆ, ಇಂಗ್ಲಿಷ್ ಹಿಂದಿಯಲ್ಲಿ ಜಗಳಾನೂ ಮಾಡ್ತಾರೆ. ಹಾಗಾಗಿ ಕೈ ಹೋಗೋದು ಸ್ಲೀಪರ್ ಮತ್ತು ಜನರಲ್ ಕಡೆಗೆ. ಕಡಿಮೆ ದುಡ್ಡಿನ ಟಿಕೆಟ್ಟಿನವರೇ ಹೆಚ್ಚು ದುಡ್ಡು ಕೊಟ್ಟು ಉಣ್ಣೋದು ಅಂದ್ರೆ ಇದೇ.

ಎಸಿಯವರಿಗೂ ಪೆಟ್ಟು ಬಿದ್ದಿಲ್ಲ ಅಂತಲ್ಲ. 2022ರ ಜೂನ್‌ನಲ್ಲಿ ಒಂದು ಶತಾಬ್ದಿ ರೈಲಿನ ಬಿಲ್ ವೈರಲ್ ಆಯ್ತು: ಚಹಾ 20 ರೂಪಾಯಿ, ಸರ್ವಿಸ್ ಚಾರ್ಜ್ 50, ಒಟ್ಟು 70. ಟಿಕೆಟ್ ಜೊತೆ ಊಟ ಬುಕ್ ಮಾಡದವರಿಗೆ 50 ರೂಪಾಯಿ ಹೆಚ್ಚು ಅಂತ 2018ರ ಆದೇಶವೇ ಇತ್ತು. ಗಲಾಟೆ ಆದ ಮೇಲೆ ಜುಲೈಯಲ್ಲಿ ಚಹಾದ ಮೇಲಿನ 50 ತೆಗೆದ್ರು. ಆದ್ರೆ ರಾಜಧಾನಿ, ಶತಾಬ್ದಿ, ದುರೊಂತೋಗಳಲ್ಲಿ ತಿಂಡಿ ಊಟದ ರೇಟಿಗೇ ಅದನ್ನ ಸೇರಿಸಿದ್ರು: 105ರ ತಿಂಡಿ 155, 185ರ ಊಟ 235. ಸರ್ವಿಸ್ ಚಾರ್ಜ್ ಅನ್ನೋ ಸಾಲು ಬಿಲ್ಲಿನಿಂದ ಹೋಯ್ತು, ದುಡ್ಡು ಹೋಗಲಿಲ್ಲ. ಅಲ್ಲಿ ಕನಿಷ್ಠ ಬಿಲ್ ಇತ್ತು, ಅದಕ್ಕೇ ಗಲಾಟೆ ಆಗೋಕೆ ಸಾಧ್ಯ ಆಯ್ತು. ನಮ್ಮ ಸ್ಲೀಪರ್‌ನ 40 ರೂಪಾಯಿಗೆ ಫೋಟೋ ತೆಗೆಯೋಕೂ ಒಂದು ಚೀಟಿ ಇಲ್ಲ.

ಹೆಚ್ಚುವರಿ ಶುಲ್ಕದ ಮಾತು ಬಂದ ಮೇಲೆ ನರಗುಂದ ಬಿಟ್ಟು ಮುಂದೆ ಹೋಗೋಕಾಗಲ್ಲ. 1980ರ ಜುಲೈ 21. ಮಲಪ್ರಭಾ ಕಾಲುವೆಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಅದಕ್ಕೆ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂತ ಸರ್ಕಾರ ಕೂತಿತ್ತು. ನೀರೇ ಸರಿಯಾಗಿ ಬಂದಿಲ್ಲ, ಯಾವ ಬೆಲೆ ಏರಿತು ಅಂತ ರೈತರು ಎದ್ದರು. ಗೋಲಿಬಾರ್ ಆಯ್ತು, ರೈತರು ಸತ್ತರು. ಇವತ್ತಿಗೂ ಆ ದಿನ ಇಲ್ಲಿ ಹುತಾತ್ಮರ ದಿನ. ಜೀವ ಹೋದ ಹೋರಾಟವನ್ನ ಊಟದ ಬಿಲ್ಲಿಗೆ ಹೋಲಿಸ್ತಿಲ್ಲ, ತಪ್ಪು ತಿಳೀಬೇಡ್ರಿ. ಸಿಗದ ಸೌಲಭ್ಯಕ್ಕೆ ದುಡ್ಡು ಕೇಳಿದ್ರೆ ಕೇಳಿದವರ ಹತ್ತಿರ ಲೆಕ್ಕ ಕೇಳ್ಬೇಕು ಅನ್ನೋ ಬುದ್ಧಿ ಈ ಮಣ್ಣಿಗೆ ಹೊಸದಲ್ಲ ಅಂತಷ್ಟೇ.

ರೈಲಿನಲ್ಲಿ ಆ ಲೆಕ್ಕ ಕೇಳಿದ್ರೆ? ಸೂಪರ್‌ಫಾಸ್ಟ್ ರೈಲಿನ ಒಂದು ಸ್ಲೀಪರ್ ಟಿಕೆಟ್ ಬಿಡಿಸಿ ನೋಡ್ರಿ. ಮೂಲ ದರದ ಮೇಲೆ ರಿಸರ್ವೇಶನ್ 20, ಸೂಪರ್‌ಫಾಸ್ಟ್ ಸರ್ಚಾರ್ಜ್ 30, ಆ್ಯಪ್‌ನಲ್ಲಿ ಯುಪಿಐಯಿಂದ ಕೊಟ್ರೆ ಕನ್ವೀನಿಯೆನ್ಸ್ ಫೀ 10, ಅದರ ಮೇಲೆ ಜಿಎಸ್‌ಟಿ. ಬ್ರಾಡ್ ಗೇಜಿನಲ್ಲಿ ಸೂಪರ್‌ಫಾಸ್ಟ್ ಅನ್ನಿಸಿಕೊಳ್ಳೋಕೆ ಸರಾಸರಿ ಗಂಟೆಗೆ 55 ಕಿಲೋಮೀಟರ್ ಸಾಕು. ಅದನ್ನೂ ಮುಟ್ಟದ 21 ರೈಲುಗಳಲ್ಲಿ ಮೂರು ವರ್ಷಕ್ಕೆ 11.17 ಕೋಟಿ ರೂಪಾಯಿ ಸರ್ಚಾರ್ಜ್ ವಸೂಲಾಗಿದೆ ಅಂತ 2017ರಲ್ಲಿ ಸಿಎಜಿಯೇ ಬರೆದಿದೆ. ಆ ರೈಲುಗಳು ಉತ್ತರ ಮಧ್ಯ ಮತ್ತು ದಕ್ಷಿಣ ಮಧ್ಯ ವಲಯದವು. ಎರಡನೆಯದು 2003ರಲ್ಲಿ ಹುಬ್ಬಳ್ಳಿಗೆ ತನ್ನದೇ ವಲಯ ಬರೋವರೆಗೂ ನಮ್ಮನ್ನ ಆಳಿದ ಸಿಕಂದರಾಬಾದಿನ ವಲಯ. ರೈಲು ತಡ ಆದ್ರೆ ಆ 30 ರೂಪಾಯಿ ವಾಪಸ್ ಕೊಡೋ ನಿಯಮ ಇರಲಿಲ್ಲ.

ಒಳ್ಳೇದೂ ಒಂದು ಹೇಳ್ಬೇಕು. 2023ರ ಜುಲೈನಿಂದ ಕೆಲವು ಸ್ಟೇಷನ್ನುಗಳಲ್ಲಿ ಜನರಲ್ ಬೋಗಿ ನಿಲ್ಲೋ ಜಾಗದಲ್ಲೇ 20 ರೂಪಾಯಿಗೆ ಏಳು ಪೂರಿ, ಆಲೂ ಪಲ್ಯ, ಉಪ್ಪಿನಕಾಯಿ ಮಾರೋಕೆ ಶುರು ಮಾಡಿದ್ರು. 50 ರೂಪಾಯಿಯ ಇನ್ನೊಂದು ಪ್ಯಾಕೂ ಇದೆ. 1882ರಿಂದ ಲೆಕ್ಕ ಹಾಕಿದ್ರೆ, ಊಟದ ಗಾಡಿಯೇ ಕಡೇ ಬೋಗಿಯ ಹತ್ತಿರ ಬರೋಕೆ 141 ವರ್ಷ ಹಿಡೀತು. ನೀರಿನ ಬಾಟಲಿ ರೈಲ್ ನೀರ್ 15 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 14 ಆಗಿದೆ. ಆ ಒಂದು ರೂಪಾಯಿ ಚಿಲ್ಲರೆ ಯಾರಿಗಾದ್ರೂ ವಾಪಸ್ ಸಿಕ್ಕಿದ್ರೆ ನನಗೆ ತಿಳಿಸ್ರಿ, ನಿಜವಾಗ್ಲೂ ತಿಳ್ಕೋಬೇಕಿದೆ.

ಹಾಂ, ಡೈನಿಂಗ್ ಕಾರ್ ಕರ್ನಾಟಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್‌ನಲ್ಲಿ 'ನಳ' ಮತ್ತು 'ರುಚಿ' ಅಂತ ಎರಡು ರೆಸ್ಟೊರೆಂಟ್ ಬೋಗಿಗಳಿವೆ. ಶುರುವಿನಲ್ಲಿ ಅದರ ಪ್ರವಾಸದ ಪಟ್ಟಿಯಲ್ಲಿ ಬಾದಾಮಿ ಇತ್ತು, ಅಂದ್ರೆ ಹೊಳೆಆಲೂರಿನ ಮಗ್ಗುಲೂರು. ಬಿಳಿ ಬಟ್ಟೆಯ ಮೇಜು ನಮ್ಮ ಸೀಮೆಯವರೆಗೂ ಬಂತು, ಟಿಕೆಟ್ ಮಾತ್ರ ಲಕ್ಷದ ಲೆಕ್ಕದಲ್ಲಿ.

ಕೊನೆಗೆ ಎರಡು ಮಾತು. ರೈಲಿನಲ್ಲಿ ಹೆಚ್ಚು ದುಡ್ಡು ಕೇಳಿದ್ರೆ 139ಕ್ಕೆ ಫೋನ್ ಮಾಡಬಹುದು, ರೈಲ್‌ಮದದ್ ಆ್ಯಪ್‌ನಲ್ಲೂ ದೂರು ಹಾಕಬಹುದು. ಕೋಚ್ ನಂಬರ್, ಸೀಟ್ ನಂಬರ್, ಹೊತ್ತು, ಕೇಳಿದ ರೇಟು ಇಷ್ಟನ್ನೂ ಬರೀರಿ. ಪಕ್ಕದಲ್ಲಿ ಕೂತ ಅಜ್ಜಂಗೋ ಕಾಕಂಗೋ ಇದು ಗೊತ್ತಿಲ್ಲದಿದ್ರೆ ಅವರ ಪರವಾಗಿಯೂ ಹಾಕ್ರಿ. ಮತ್ತೆ ನಿಮ್ಮ ಮನೆಯ ಟ್ರಂಕಿನಲ್ಲಿ ಮೀಟರ್ ಗೇಜ್ ಕಾಲದ ದಪ್ಪ ರಟ್ಟಿನ ಟಿಕೆಟ್ಟೋ, ಸ್ಟೇಷನ್ ಹೋಟೆಲಿನ ಊಟದ ಚೀಟಿಯೋ ಇದ್ರೆ ಒಂದು ಫೋಟೋ ತೆಗೆದು ಕಳಿಸ್ರಿ. ಗದಗ, ಹೊಳೆಆಲೂರು, ಬಾದಾಮಿ, ಯಾವುದಾದ್ರೂ ಸರಿ. ಮುಂದಿನ ಸಂಚಿಕೆ ನರಗುಂದದ 1980ರ ಮೇಲೆ, ಆ ಲೆವಿಯ ಲೆಕ್ಕವನ್ನ ಪೂರ್ತಿ ಬಿಡಿಸಿ ನೋಡೋಣ. ಬರ್ತೀನ್ರೀ.